ಮಲೆನಾಡಿನ ಐತಿಹಾಸಿಕ ಸ್ಥಳಾಧ್ಯಯನದಲ್ಲಿ ಡ್ರೋನ್: ಏರಿಕೆ ಮತ್ತು ಇಳಿಕೆಯ ವಿಧಾನ

೧. ಪೀಠಿಕೆ

ಒಂದು ಕೋಟೆಯನ್ನಾಗಲಿ ಹಾಳುಬಿದ್ದ ಊರನ್ನಾಗಲಿ ಅದರ ನಡುವೆ ನಿಂತು ನೋಡಿದವನಿಗೆ ಅದರ ಭಾಗಗಳು ಕಾಣುತ್ತವೆಯೇ ಹೊರತು ಅದರ ಆಕೃತಿ ಕಾಣುವುದಿಲ್ಲ. ಗೋಡೆಯೊಂದು ಎಲ್ಲಿ ಆರಂಭವಾಗಿ ಎಲ್ಲಿ ಮುರಿದು ಮತ್ತೆಲ್ಲಿ ಮೇಲೇಳುತ್ತದೆ, ಬಾಗಿಲಿಗೂ ಕೆರೆಗೂ ಏನು ಸಂಬಂಧ, ಹಳೆಯ ದಾರಿ ಯಾವ ಕಡೆಯಿಂದ ಬಂದು ಸೇರುತ್ತಿತ್ತು ಎಂಬಿವನ್ನು ತಿಳಿಯಬೇಕಾದರೆ ಮೇಲಿನಿಂದ ನೋಡುವುದು ಅವಶ್ಯ. ಈ ಮಾತು ಹೊಸದೇನೂ ಅಲ್ಲ. ೧೮೫೮ರಲ್ಲಿ ಫ್ರಾನ್ಸಿನ ನಾಡಾರ್ ಎಂಬಾತನು ಬಲೂನಿನಲ್ಲಿ ಏರಿ ಪ್ಯಾರಿಸ್ ಸಮೀಪದ ಹಳ್ಳಿಯೊಂದರ ಛಾಯಾಚಿತ್ರವನ್ನು ತೆಗೆದನು. ೧೯೦೬ರಲ್ಲಿ ಇಂಗ್ಲೆಂಡಿನ ಸ್ಟೋನ್‌ಹೆಂಜ್ ಶಿಲಾವೃತ್ತವನ್ನು ಸೈನ್ಯದ ಬಲೂನಿನಿಂದ ಚಿತ್ರಿಸಲಾಯಿತು. ೧೯೨೮ರಲ್ಲಿ ಕ್ರಾಫರ್ಡ್ ಮತ್ತು ಕೀಲರ್ ಎಂಬ ವಿದ್ವಾಂಸರು ವಿಮಾನದಿಂದ ತೆಗೆದ ಚಿತ್ರಗಳ ಗ್ರಂಥವನ್ನೇ ಪ್ರಕಟಿಸಿ, ನೆಲದ ಮೇಲೆ ನಿಂತವರಿಗೆ ಗೋಚರಿಸದ ಪ್ರಾಚೀನ ಹೊಲಗಳ ಎಲ್ಲೆಗಳೂ ಕಂದಕಗಳೂ ಆಕಾಶದಿಂದ ಹೇಗೆ ಎದ್ದು ಕಾಣುತ್ತವೆಂಬುದನ್ನು ತೋರಿಸಿಕೊಟ್ಟರು.

ನಮ್ಮ ನಾಡಿನಲ್ಲಿ ಬಲೂನಾಗಲಿ ವಿಮಾನವಾಗಲಿ ಕಾಲೇಜಿನ ಅಧ್ಯಾಪಕರ ಕೈಗೆ ಎಟಕುವ ಸಾಧನಗಳಾಗಿರಲಿಲ್ಲ. ಬಿ. ಎಲ್. ರೈಸ್ ಅವರು ಆಗಿನ ಕಡೂರು ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟವಾಗಿ ೧೯೦೧ರಲ್ಲಿ ಪ್ರಕಟಿಸಿದ ಕಾಲದಿಂದ ತೀರ ಇತ್ತೀಚಿನವರೆಗೆ ಈ ಜಿಲ್ಲೆಯ ಸ್ಥಳಾಧ್ಯಯನವೆಲ್ಲ ಕಾಲ್ನಡಿಗೆಯಲ್ಲಿಯೇ ನಡೆದಿದೆ. ಈಗ ಕಾಲು ಕಿಲೋಗ್ರಾಂ ತೂಕದ, ಕ್ಯಾಮೆರಾ ಹೊತ್ತ ಸಣ್ಣ ಡ್ರೋನ್ ಒಂದು ಅಧ್ಯಾಪಕನ ಕೈಚೀಲದಲ್ಲಿ ಹಿಡಿಯುವಂತಾಗಿದೆ. ಕೇಂದ್ರ ಸರ್ಕಾರವು ೨೦೨೦ರಲ್ಲಿ ಆರಂಭಿಸಿದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ವಾಸದ ನೆಲೆಯನ್ನು ಡ್ರೋನಿನಿಂದಲೇ ಅಳೆಯಲು ತೊಡಗಿದಾಗ, ಮೊದಲು ಆಯ್ಕೆಯಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಆದಕಾರಣ ಈ ಸಾಧನವನ್ನು ಇತಿಹಾಸ ವಿಭಾಗಗಳೂ ಬಳಸತೊಡಗಿರುವುದು ಸಹಜವೇ ಆಗಿದೆ.

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆಯಲ್ಲಿ ಇದರ ಉಪಯೋಗ ವಿಶೇಷವಾದುದು. ಹೊಯ್ಸಳರ ಮೂಲಸ್ಥಾನವೆಂದು ಹೇಳಲಾಗುವ ಸೊಸೆವೂರು, ಎಂದರೆ ಈಗಿನ ಅಂಗಡಿ, ಮೂಡಿಗೆರೆ ತಾಲ್ಲೂಕಿನಲ್ಲಿದೆ. ಅಲ್ಲಿನ ಬಸದಿಗಳೂ ದೇವಾಲಯಗಳೂ ತೋಟಗಳ ನಡುವೆ ಇವೆ. ಬಲ್ಲಾಳರಾಯನ ದುರ್ಗದ ಕೋಟೆಗೋಡೆ ಗುಡ್ಡದ ಏಣಿನ ಮೇಲೆ ಹರಿದಿದೆ. ಕಳಸವು ಭೈರರಸರ ಕಳಸ-ಕಾರ್ಕಳ ರಾಜ್ಯದ ಒಂದು ಕೇಂದ್ರವಾಗಿತ್ತು. ಇವುಗಳ ನೆಲವು ಸ್ಥಿರವೂ ಅಲ್ಲ. ೨೦೧೯ರ ಆಗಸ್ಟಿನ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಕುಸಿದು ತೋಟಗಳೂ ಮನೆಗಳೂ ಮಣ್ಣುಪಾಲಾದುದನ್ನೂ, ಚಾರ್ಮಾಡಿ ಘಾಟಿಯ ರಸ್ತೆ ಮುಚ್ಚಿಹೋದುದನ್ನೂ ನಾವೆಲ್ಲ ಬಲ್ಲೆವು. ಇಂದು ನಿಂತಿರುವ ಗೋಡೆ ಮುಂದಿನ ಮಳೆಗಾಲದ ನಂತರವೂ ನಿಂತಿರುವುದೆಂದು ಹೇಳಲಾಗದು. ಇದ್ದಾಗಲೇ ಅದರ ಚಿತ್ರವನ್ನು ದಾಖಲಿಸಿಕೊಳ್ಳುವುದು ನಮ್ಮ ಕರ್ತವ್ಯ.

ಆದರೆ ಈ ಕರ್ತವ್ಯವನ್ನು ನೆರವೇರಿಸುವ ಉತ್ಸಾಹದಲ್ಲಿ ನಾವು ಒಮ್ಮೆ ದೊಡ್ಡ ತಪ್ಪನ್ನು ಮಾಡಿದೆವು. ಅದನ್ನು ಮುಂದೆ ನಿವೇದಿಸುತ್ತೇವೆ. ಆ ತಪ್ಪಿನಿಂದ ತಿಳಿದುಬಂದ ಮುಖ್ಯ ಸಂಗತಿ ಇದು: ಗುಡ್ಡಗಾಡಿನಲ್ಲಿ ಡ್ರೋನಿಗೆ ಬರುವ ಅಪಾಯಗಳಲ್ಲಿ ಬಹುಪಾಲು ನಡು ಆಕಾಶದಲ್ಲಿ ಹುಟ್ಟುವುದಿಲ್ಲ. ಅದನ್ನು ಏರಿಸುವ ಮುನ್ನ ಮಾಡಿಕೊಂಡ, ಅಥವಾ ಮಾಡಿಕೊಳ್ಳದೆ ಬಿಟ್ಟ, ಸಿದ್ಧತೆಯಲ್ಲಿಯೂ ಇಳಿಸುವ ಕಡೆಯ ನಿಮಿಷದಲ್ಲಿಯೂ ಅವು ಹುಟ್ಟುತ್ತವೆ. ಆದ್ದರಿಂದ ಪ್ರಕೃತ ಲೇಖನದಲ್ಲಿ ಚಿತ್ರಗ್ರಹಣದ ವಿಚಾರವನ್ನು ಬಿಟ್ಟು, ಏರಿಕೆ ಮತ್ತು ಇಳಿಕೆಗಳನ್ನು ಮಾತ್ರ ವಿವರಿಸಲು ಯತ್ನಿಸಿದ್ದೇವೆ.

೨. ನೆಲದ ಸ್ವರೂಪ

ಬಯಲುಸೀಮೆಯಲ್ಲಿ ಡ್ರೋನ್ ಹಾರಿಸಿ ಅಭ್ಯಾಸವಾದವರು ಮಲೆನಾಡಿಗೆ ಬಂದಾಗ ಮೊದಲು ಮರೆಯಬೇಕಾದುದು ನೆಲ ಸಮತಟ್ಟಾಗಿದೆ ಎಂಬ ಭಾವನೆಯನ್ನು. ಈ ಸೀಮೆಯಲ್ಲಿ ಮುಳ್ಳಯ್ಯನಗಿರಿ ೧,೯೩೦ ಮೀಟರು ಎತ್ತರವಿದ್ದರೆ ಕಳಸದ ಪೇಟೆ ಸುಮಾರು ೮೦೦ ಮೀಟರು ಎತ್ತರದಲ್ಲಿದೆ. ಒಂದೇ ತೋಟದ ಮೇಲಿನ ಬೇಲಿಗೂ ಕೆಳಗಿನ ಹಳ್ಳಕ್ಕೂ ನೂರು ಮೀಟರಿನ ಅಂತರವಿರುವುದು ಅಪರೂಪವಲ್ಲ.

ಇಲ್ಲಿನ ಕಾಫಿ ನೆರಳಿನ ಬೆಳೆ. ಕಾಫಿ ಗಿಡ ಆಳೆತ್ತರವಿದ್ದರೆ ಅದರ ಮೇಲೆ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಗಳೂ ಅತ್ತಿ, ಹಲಸು, ನಂದಿ ಮೊದಲಾದ ಕಾಡುಮರಗಳೂ ಇಪ್ಪತ್ತು ಮೂವತ್ತು ಮೀಟರಿನವರೆಗೆ ಬೆಳೆದಿರುತ್ತವೆ. ತೋಟದ ಮನೆಗೂ ಪಂಪುಮನೆಗೂ ಹೋಗುವ ವಿದ್ಯುತ್ ತಂತಿಗಳು ಈ ಮರಗಳ ನಡುವೆ ಹಾದುಹೋಗುತ್ತವೆ. ಕಂಬ ಕಂಡರೂ ತಂತಿ ಕಾಣುವುದಿಲ್ಲ. ತೋಟದಿಂದ ಮೇಲಕ್ಕೆ ಹೋದರೆ ಹುಲ್ಲು ಬೆಳೆದ ಬ್ಯಾಣಗಳು, ಅವುಗಳ ಮಡಿಲಿನಲ್ಲಿ ಶೋಲಾ ಕಾಡುಗಳು. ಹುಲ್ಲಿನ ನಡುವೆ ಬಂಡೆಗಳು ಅಡಗಿರುತ್ತವೆ.

ಇನ್ನೊಂದು ಸಂಗತಿ ಕಣ್ಣಿಗೆ ಕಾಣತಕ್ಕದ್ದಲ್ಲ. ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿಯೂ ಕುದುರೆಮುಖದ ಭಾಗದಲ್ಲಿಯೂ ಕಬ್ಬಿಣದ ಅದಿರಿನ ಪದರಗಳಿವೆ. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿತ್ತು. ಕುದುರೆಮುಖದ ಗಣಿಯು ೨೦೦೫ರ ಕಡೆಯವರೆಗೆ ನಡೆಯಿತು. ಕುದುರೆಮುಖದ ಅದಿರಿನಲ್ಲಿ ಮ್ಯಾಗ್ನೆಟೈಟ್ ಪ್ರಧಾನವಾದುದು. ಇದು ಅಯಸ್ಕಾಂತದ ಗುಣವುಳ್ಳ ಖನಿಜ. ಡ್ರೋನಿನೊಳಗಿನ ದಿಕ್ಸೂಚಿಗೆ ಇದರಿಂದಾಗುವ ತೊಡಕನ್ನು ಮುಂದೆ ಹೇಳಲಿದ್ದೇವೆ.

೩. ಅನುಮತಿ

ಹಾರಿಸುವ ವಿಧಾನಕ್ಕಿಂತ ಮೊದಲು ಹಾರಿಸುವ ಅಧಿಕಾರದ ವಿಚಾರ ಬರುತ್ತದೆ. ೨೦೨೧ರ ಡ್ರೋನ್ ನಿಯಮಗಳ ಪ್ರಕಾರ ೨೫೦ ಗ್ರಾಂವರೆಗಿನದು ನ್ಯಾನೊ, ಅದಕ್ಕೆ ಮೇಲ್ಪಟ್ಟು ೨ ಕಿಲೋಗ್ರಾಂವರೆಗಿನದು ಮೈಕ್ರೊ ಎಂದು ವರ್ಗೀಕೃತವಾಗಿವೆ. ಡ್ರೋನನ್ನು ನೋಂದಾಯಿಸಿ ಗುರುತಿನ ಸಂಖ್ಯೆಯನ್ನು ಪಡೆಯಬೇಕು. ನ್ಯಾನೊ ವರ್ಗಕ್ಕೂ, ವಾಣಿಜ್ಯೋದ್ದೇಶವಿಲ್ಲದ ಮೈಕ್ರೊ ವರ್ಗಕ್ಕೂ ಚಾಲಕನ ಪ್ರಮಾಣಪತ್ರ ಬೇಕಿಲ್ಲ. ಆದರೆ ನ್ಯಾನೊ ಹೊರತು ಉಳಿದವಕ್ಕೆ ಮೂರನೆಯವರ ಹಾನಿಯ ವಿಮೆ ಬೇಕು. ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿದ ನಕ್ಷೆಯನ್ನು ಹೊರಡುವ ದಿನವೇ ನೋಡತಕ್ಕದ್ದು. ಹಸಿರು ವಲಯದಲ್ಲಿಯೂ ಸಾಮಾನ್ಯವಾಗಿ ನೆಲದಿಂದ ೧೨೦ ಮೀಟರು, ಎಂದರೆ ೪೦೦ ಅಡಿ, ಮಿತಿ.

ಹಸಿರು ವಲಯವೆಂದ ಮಾತ್ರಕ್ಕೆ ಎಲ್ಲವೂ ಮುಕ್ತವೆಂದು ತಿಳಿಯಬಾರದು. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಭದ್ರಾ ಅಭಯಾರಣ್ಯ ಮತ್ತು ಇತರ ಅರಣ್ಯಪ್ರದೇಶಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಸಂರಕ್ಷಿತ ಸ್ಮಾರಕವಾದರೆ ಅದು ಕೇಂದ್ರದ ಅಧೀನವೋ ರಾಜ್ಯದ ಅಧೀನವೋ ಎಂಬುದನ್ನು ತಿಳಿದು ಆಯಾ ಪುರಾತತ್ವ ಇಲಾಖೆಯಿಂದ ಲಿಖಿತ ಒಪ್ಪಿಗೆ ಪಡೆಯಬೇಕು. ದೇವಾಲಯವಾದರೆ ಅದರ ಆಡಳಿತದವರನ್ನೂ, ತೋಟವಾದರೆ ಅದರ ಮಾಲೀಕರನ್ನೂ ಕೇಳಬೇಕು. ತೋಟದ ಲೈನುಗಳಲ್ಲಿ ವಾಸಿಸುವವರಿಗೂ ಹೇಳಬೇಕು. ಅವರ ಅಂಗಳದ ಮೇಲೆ ಕ್ಯಾಮೆರಾ ಹಾರಾಡುವುದು ಅವರಿಗೆ ಸಂಕೋಚದ ವಿಷಯ. ಕಾನೂನು ಒಪ್ಪಿದರೂ ಊರು ಒಪ್ಪದಿದ್ದರೆ ಮುಂದಿನ ಸಲ ಶಾಸನ ನೋಡಲು ಬಂದ ವಿದ್ಯಾರ್ಥಿಗೂ ಬಾಗಿಲು ಮುಚ್ಚುತ್ತದೆ.

೪. ಎಡೆಯ ಆಯ್ಕೆ

ಏರಿಸುವ ಎಡೆಯೇ ಸಾಮಾನ್ಯವಾಗಿ ಇಳಿಸುವ ಎಡೆಯೂ ಆದ್ದರಿಂದ ಆಯ್ಕೆಯಲ್ಲಿ ಅವಸರ ಕೂಡದು. ಅದಕ್ಕೆ ನಾಲ್ಕು ಲಕ್ಷಣಗಳಿರಬೇಕು: ನೆಲ ಸಮವಾಗಿರಬೇಕು, ಮೇಲೆ ಆಕಾಶ ತೆರೆದಿರಬೇಕು, ಸುತ್ತ ಹತ್ತು ಹೆಜ್ಜೆಯೊಳಗೆ ಮರ, ತಂತಿ, ಜನ ಇರಬಾರದು, ಅಲ್ಲಿಂದ ಹಾರಾಟದ ಪ್ರದೇಶವೆಲ್ಲ ಬರಿಗಣ್ಣಿಗೆ ಕಾಣುತ್ತಿರಬೇಕು.

ಕಾಫಿ ಸೀಮೆಯಲ್ಲಿ ಈ ಲಕ್ಷಣಗಳುಳ್ಳ ಎಡೆ ಸುಲಭವಾಗಿ ಸಿಕ್ಕುವುದು ಕಾಫಿ ಒಣಗಿಸುವ ಕಣದಲ್ಲಿ. ಕೊಯ್ಲು ಮುಗಿದ ಮೇಲೆ ಅದು ಬರಿದಾಗಿರುತ್ತದೆ. ಆದರೆ ಅರೇಬಿಕಾ ಕೊಯ್ಲಾಗುವ ನವೆಂಬರಿನಿಂದ ಜನವರಿಯವರೆಗೂ, ರೋಬಸ್ಟಾ ಕೊಯ್ಲಾಗುವ ಮುಂದಿನ ತಿಂಗಳುಗಳಲ್ಲಿಯೂ ಕಣದಲ್ಲಿ ಬೆಳೆ ಹರಡಿರುತ್ತದೆ. ಆಗ ರೆಕ್ಕೆಗಳ ಗಾಳಿಗೆ ಧೂಳೂ ಸಿಪ್ಪೆಯೂ ಎದ್ದು ಯಂತ್ರಕ್ಕೂ ಬೆಳೆಗೂ ತೊಂದರೆ. ಇದಲ್ಲದೆ ಕಣದ ಸಿಮೆಂಟಿನೊಳಗೆ ಕಬ್ಬಿಣದ ಸರಳುಗಳಿದ್ದರೆ ದಿಕ್ಸೂಚಿ ತಪ್ಪುತ್ತದೆ. ಕಣವನ್ನು ಬಳಸುವಾಗ ಇವೆರಡನ್ನೂ ವಿಚಾರಿಸಿಕೊಳ್ಳಬೇಕು.

ಬ್ಯಾಣದಲ್ಲಿ ಏರಿಸಬೇಕಾದಾಗ ಹುಲ್ಲು ಮುಖ್ಯ ಶತ್ರು. ಸಣ್ಣ ಡ್ರೋನಿನ ರೆಕ್ಕೆ ನೆಲದಿಂದ ಕೆಲವೇ ಅಂಗುಲ ಮೇಲಿರುತ್ತದೆ. ಒಂದು ಹುಲ್ಲಿನ ಕಡ್ಡಿ ತಗುಲಿದರೂ ಯಂತ್ರ ಮಗುಚಿಕೊಳ್ಳುತ್ತದೆ. ಹುಲ್ಲನ್ನು ತುಳಿದು ಮಟ್ಟಮಾಡುವುದು ಸಾಲದು, ಅದು ಮತ್ತೆ ಏಳುತ್ತದೆ. ನಾವು ಮುಕ್ಕಾಲು ಮೀಟರು ಚೌಕದ ಹಗುರವಾದ ಹಲಗೆಯೊಂದನ್ನು ಒಯ್ಯುತ್ತೇವೆ. ನೆಲ ಇಳಿಜಾರಾಗಿದ್ದರೆ ತಗ್ಗಿನ ಕಡೆ ಕಲ್ಲುಗಳನ್ನಿಟ್ಟು ಹಲಗೆಯನ್ನು ಮಟ್ಟಕ್ಕೆ ತರುತ್ತೇವೆ. ಕೈಯಿಂದ ಒತ್ತಿ ಅಲುಗಾಡುವುದಿಲ್ಲವೆಂದು ನೋಡಿಕೊಳ್ಳುತ್ತೇವೆ. ಟಾರ್ಪಾಲನ್ನು ಹಾಸುವವರು ಅದರ ನಾಲ್ಕು ಮೂಲೆಗೂ ಕಲ್ಲು ಹೇರಬೇಕು. ಇಲ್ಲದಿದ್ದರೆ ಅದೇ ಎದ್ದು ರೆಕ್ಕೆಗೆ ಸುತ್ತಿಕೊಳ್ಳುತ್ತದೆ.

ಕೋಟೆಗೋಡೆಯ ಮೇಲಾಗಲಿ ದೇವಾಲಯದ ಜಗಲಿಯ ಮೇಲಾಗಲಿ ಡ್ರೋನ್ ಇಟ್ಟು ಏರಿಸುವುದು ಎಷ್ಟೇ ಅನುಕೂಲವಾಗಿ ಕಂಡರೂ ಸಲ್ಲದು. ಸಡಿಲವಾದ ಕಲ್ಲುಗಳ ಮೇಲೆ ವಿದ್ಯಾರ್ಥಿಗಳನ್ನು ಹತ್ತಿಸುವುದು ಅವರಿಗೂ ಕ್ಷೇಮವಲ್ಲ, ಸ್ಮಾರಕಕ್ಕೂ ಕ್ಷೇಮವಲ್ಲ.

೫. ದಿಕ್ಸೂಚಿ ಮತ್ತು ಉಪಗ್ರಹ

ಡ್ರೋನು ಗಾಳಿಯಲ್ಲಿ ಒಂದೆಡೆ ನಿಲ್ಲುವುದು ಎರಡು ಆಧಾರಗಳ ಮೇಲೆ. ಉಪಗ್ರಹಗಳ ಸಂಕೇತದಿಂದ ತಾನು ಎಲ್ಲಿರುವೆನೆಂದು ತಿಳಿಯುತ್ತದೆ. ದಿಕ್ಸೂಚಿಯಿಂದ ತನ್ನ ಮುಖ ಯಾವ ಕಡೆಗಿದೆಯೆಂದು ತಿಳಿಯುತ್ತದೆ. ಗಾಳಿ ಯಂತ್ರವನ್ನು ಪೂರ್ವಕ್ಕೆ ತಳ್ಳಿತೆನ್ನೋಣ. ಉಪಗ್ರಹದ ಲೆಕ್ಕದಿಂದ ಅದು ಇದನ್ನು ಅರಿತು ಪಶ್ಚಿಮಕ್ಕೆ ಸರಿಯಬೇಕೆಂದು ನಿರ್ಧರಿಸುತ್ತದೆ. ಆದರೆ ದಿಕ್ಸೂಚಿ ತಪ್ಪಿದ್ದರೆ ಅದು ಪಶ್ಚಿಮವೆಂದು ತಿಳಿದು ಸರಿಯುವುದು ವಾಯವ್ಯಕ್ಕೆ. ಆ ತಪ್ಪನ್ನು ತಿದ್ದಲು ಹೋಗಿ ಮತ್ತೊಂದು ತಪ್ಪು ಮಾಡುತ್ತದೆ. ಹೀಗೆ ಅದು ವೃತ್ತಾಕಾರವಾಗಿ ಸುತ್ತುತ್ತ, ವೃತ್ತವನ್ನು ಹಿಗ್ಗಿಸುತ್ತ ಕಡೆಗೆ ಮರಕ್ಕೆ ಬಡಿಯುತ್ತದೆ.

ಆದ್ದರಿಂದ ಕರಿಯ, ಭಾರವಾದ ಅದಿರು ಕಲ್ಲಿನ ಮೇಲೆ, ಜೀಪಿನ ಮುಂಭಾಗದ ಮೇಲೆ, ತಗಡಿನ ಮೇಲೆ, ಕಬ್ಬಿಣದ ಗೇಟಿನ ಪಕ್ಕದಲ್ಲಿ ಡ್ರೋನ್ ಇಡಬಾರದು. ಯಂತ್ರವು ದಿಕ್ಸೂಚಿ ದೋಷವೆಂದು ಎಚ್ಚರಿಸಿದರೆ ಅಲ್ಲಿಯೇ ಅದನ್ನು ಸರಿಪಡಿಸಲು ಹೊರಡುವುದು ಸಾಮಾನ್ಯವಾಗಿ ಎಲ್ಲರೂ ಮಾಡುವ ತಪ್ಪು. ದೋಷವು ಯಂತ್ರದಲ್ಲಿಲ್ಲದೆ ನೆಲದಲ್ಲಿದ್ದರೆ, ಅಲ್ಲಿಯೇ ಸರಿಪಡಿಸಿದ ದಿಕ್ಸೂಚಿ ಮೇಲೇರಿದೊಡನೆ ತಪ್ಪು ತೋರಿಸುತ್ತದೆ. ಮೊದಲು ಇಪ್ಪತ್ತು ಮೂವತ್ತು ಹೆಜ್ಜೆ ಬೇರೆಡೆಗೆ ಹೋಗಿ ನೋಡಬೇಕು. ಎಚ್ಚರಿಕೆ ತಾನಾಗಿಯೇ ಹೋದರೆ ಅದೇ ಯೋಗ್ಯವಾದ ಎಡೆ.

ಇಕ್ಕಟ್ಟಾದ ಕಣಿವೆಯಲ್ಲಿ ಆಕಾಶದ ಅರ್ಧಭಾಗವನ್ನು ಗುಡ್ಡವೇ ಮುಚ್ಚಿರುವುದರಿಂದ ಉಪಗ್ರಹಗಳು ಕಡಿಮೆ ಸಿಕ್ಕುತ್ತವೆ. ಸಾಕಷ್ಟು ಉಪಗ್ರಹಗಳು ದೊರೆತು, ಹೊರಟ ಸ್ಥಳವನ್ನು ಗುರುತಿಸಿಕೊಂಡೆನೆಂದು ಯಂತ್ರವು ತಿಳಿಸುವವರೆಗೂ ಅದನ್ನು ಏರಿಸಕೂಡದು. ಅದಕ್ಕೆ ಮೊದಲೇ ಏರಿಸಿದರೆ ಸಂಪರ್ಕ ತಪ್ಪಿದಾಗ ಮರಳಬೇಕಾದ ಮನೆಯೇ ಅದಕ್ಕೆ ತಿಳಿದಿರುವುದಿಲ್ಲ.

೬. ಮರಳುವ ಎತ್ತರ

ನಿಯಂತ್ರಕದೊಡನೆ ಸಂಪರ್ಕ ಕಡಿದುಹೋದಾಗ ಡ್ರೋನು ತಾನಾಗಿಯೇ ಹೊರಟ ಸ್ಥಳಕ್ಕೆ ಮರಳುವಂತೆ ಏರ್ಪಾಡಿರುತ್ತದೆ. ಮೊದಲೇ ಗೊತ್ತುಪಡಿಸಿದ ಎತ್ತರಕ್ಕೆ ಏರಿ, ನೇರವಾದ ಗೆರೆಯಲ್ಲಿ ಬಂದು, ಮೇಲಿನಿಂದ ಇಳಿಯುತ್ತದೆ. ಈ ಎತ್ತರವನ್ನು ಯಂತ್ರವು ಲೆಕ್ಕ ಹಾಕುವುದು ಹೊರಟ ಸ್ಥಳದಿಂದ. ತನ್ನ ಕೆಳಗಿರುವ ನೆಲದಿಂದ ಅಲ್ಲ. ಬಯಲಿನಲ್ಲಿ ಇವೆರಡೂ ಒಂದೇ ಆದ್ದರಿಂದ ಅಲ್ಲಿ ಈ ಭೇದ ಯಾರ ಗಮನಕ್ಕೂ ಬರುವುದಿಲ್ಲ. ಮಲೆನಾಡಿನಲ್ಲಿ ಈ ಭೇದವೇ ಸರ್ವಸ್ವ.

ನಮ್ಮ ತಪ್ಪು ಆದದ್ದು ಇಲ್ಲಿಯೇ. ಮೂಡಿಗೆರೆಯ ಕಡೆ ಒಂದು ತೋಟದ ಕೆಳಗಿನ ಗದ್ದೆಯಿಂದ ನಾವು ಡ್ರೋನನ್ನು ಏರಿಸಿ, ಎದುರಿನ ಏಣಿನ ಆಚೆಗಿದ್ದ ಹಳೆಯ ಅಗಳಿನ ಚಿತ್ರ ತೆಗೆಯಲು ಹೋದೆವು. ಮರಳುವ ಎತ್ತರವನ್ನು ಬಯಲಿನ ಅಭ್ಯಾಸದಂತೆ ೬೦ ಮೀಟರಿಗೆ ಇಟ್ಟಿದ್ದೆವು. ಏಣನ್ನು ದಾಟಿದೊಡನೆ ಗುಡ್ಡವು ಅಡ್ಡ ಬಂದು ಸಂಪರ್ಕ ಕಡಿಯಿತು. ಯಂತ್ರವು ತನಗೆ ಹೇಳಿದಂತೆಯೇ ಮರಳಿತು. ೬೦ ಮೀಟರು ಎತ್ತರದಲ್ಲಿ ಬಂದು, ಅದಕ್ಕಿಂತ ಎತ್ತರದಲ್ಲಿದ್ದ ಸಿಲ್ವರ್ ಓಕ್ ಮರಗಳ ತುದಿಗೆ ಬಡಿದು ಬಿದ್ದಿತು. ಕೆಳಗೆ ಹೆಂಗಸರು ಕಾಫಿ ಹಣ್ಣು ಕೊಯ್ಯುತ್ತಿದ್ದರು. ಅವರಿಂದ ಹದಿನೈದು ಹೆಜ್ಜೆಯಷ್ಟು ದೂರದಲ್ಲಿ ಅದು ಬಿದ್ದಿತ್ತು. ನಾವು ಏದುಸಿರು ಬಿಡುತ್ತ ಹೋದಾಗ ಅವರಲ್ಲಿ ವಯಸ್ಸಾದ ಒಬ್ಬರು ಮುರಿದ ಯಂತ್ರವನ್ನು ನಮ್ಮ ಕೈಗೆ ಕೊಟ್ಟು, “ತಲೆ ಮೇಲೆ ಬಿದ್ದಿದ್ರೆ ಏನ್ ಮಾಡ್ತಿದ್ರಿ ಮೇಷ್ಟ್ರೇ?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಕಾಲು ಕಿಲೋಗ್ರಾಂ ತೂಕ ಹಗುರವೆಂದು ತೋರುತ್ತದೆ. ಆದರೆ ೬೦ ಮೀಟರಿನಿಂದ ಬೀಳುವ ವಸ್ತು, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಸೆಕೆಂಡಿಗೆ ೩೪ ಮೀಟರು ವೇಗವನ್ನು ಪಡೆಯುತ್ತದೆ. ಗಾಳಿ ತಡೆದು ಅದು ಅರ್ಧವಾದರೂ ಕಣ್ಣಿಗೋ ನೆತ್ತಿಗೋ ಬಿದ್ದರೆ ಆಟದ ಮಾತಲ್ಲ.

ಮರಳುವ ಎತ್ತರವನ್ನು ಲೆಕ್ಕ ಹಾಕುವ ಕ್ರಮವನ್ನು ಒಂದು ಉದಾಹರಣೆಯಿಂದ ವಿವರಿಸಬಹುದು. ಹೊರಡುವ ಸ್ಥಳವು ಸಮುದ್ರಮಟ್ಟದಿಂದ ೯೦೦ ಮೀಟರಿನಲ್ಲಿಯೂ ನಡುವಣ ಏಣು ೧,೦೪೦ ಮೀಟರಿನಲ್ಲಿಯೂ ಇವೆಯೆನ್ನೋಣ. ಅಂತರ ೧೪೦ ಮೀಟರು. ಏಣಿನ ಮೇಲಿನ ಮರಗಳಿಗೆ ೨೫ ಮೀಟರು, ಕ್ಷೇಮಕ್ಕಾಗಿ ೩೦ ಮೀಟರು ಸೇರಿಸಿದರೆ ೧೯೫ ಮೀಟರಾಯಿತು. ಅಷ್ಟಕ್ಕೆ ಇಟ್ಟುಬಿಟ್ಟರೆ ಸರಿಹೋಯಿತೆಂದು ತೋರಬಹುದು. ಆದರೆ ಯಂತ್ರವು ಆ ಎತ್ತರದಲ್ಲಿಯೇ ಕಣಿವೆಯ ಮೇಲೆ ಬರುವಾಗ ಅದರ ಕೆಳಗಿನ ನೆಲದಿಂದ ೧೯೫ ಮೀಟರು ಮೇಲಿರುತ್ತದೆ. ಇದು ೧೨೦ ಮೀಟರಿನ ಮಿತಿಗೆ ವಿರುದ್ಧ. ಆದ್ದರಿಂದ ಈ ಲೆಕ್ಕದಿಂದ ತಿಳಿಯಬೇಕಾದುದು ಎತ್ತರವನ್ನು ಹೆಚ್ಚಿಸಬೇಕೆಂಬುದಲ್ಲ, ಹೊರಡುವ ಸ್ಥಳವೇ ತಪ್ಪೆಂಬುದು. ಕಷ್ಟವಾದರೂ ಏಣಿನ ಮೇಲಕ್ಕೆ ನಡೆದುಹೋಗಿ ಅಲ್ಲಿಂದ ಏರಿಸಬೇಕು. ಅಲ್ಲಿಂದಾದರೆ ಮರಳುವ ಎತ್ತರ ೫೫ ಮೀಟರು ಸಾಕು. ಎರಡು ಕಡೆಯ ಇಳಿಜಾರೂ ಕಣ್ಣಿಗೆ ಕಾಣುತ್ತದೆ. ಸಂಪರ್ಕಕ್ಕೆ ಅಡ್ಡಿಯೂ ಇರುವುದಿಲ್ಲ. ಆದರೂ ಇಳಿಜಾರಿನ ಮೇಲೆ ದೂರ ಹೋದಷ್ಟೂ ಕೆಳಗಿನ ನೆಲ ತಗ್ಗುತ್ತ ಹೋಗುತ್ತದೆಂಬುದನ್ನು ನೆನಪಿನಲ್ಲಿಟ್ಟು, ಮಿತಿ ಮೀರದಷ್ಟು ದೂರದಲ್ಲಿಯೇ ಯಂತ್ರವನ್ನು ಇಟ್ಟುಕೊಳ್ಳಬೇಕು.

ಇದರಿಂದ ಒಂದು ಸಾಮಾನ್ಯ ಸೂತ್ರ ದೊರೆಯುತ್ತದೆ: ನೋಡಬೇಕಾದ ವಸ್ತುವಿನ ಸಮೀಪದಲ್ಲಿ ಅತ್ಯಂತ ಎತ್ತರವಾದ, ಯೋಗ್ಯವಾದ ನೆಲದಿಂದಲೇ ಏರಿಸಬೇಕು, ನಡುವೆ ಗುಡ್ಡ ಅಡ್ಡವಿರುವ ಕಡೆಗೆ ಕಳುಹಿಸಬಾರದು.

೭. ಗಾಳಿ, ಮಂಜು, ತೆಳುಗಾಳಿ

ಬೆಳಗಿನ ಬಿಸಿಲಿಗೆ ಇಳಿಜಾರು ಕಾದಂತೆ ಗಾಳಿ ಕಣಿವೆಯಿಂದ ಮೇಲಕ್ಕೆ ಬೀಸುತ್ತದೆ. ಸಂಜೆಯ ಮೇಲೆ ಕೆಳಕ್ಕೆ ಇಳಿಯುತ್ತದೆ. ಚಾರ್ಮಾಡಿ, ಬಲ್ಲಾಳರಾಯನ ದುರ್ಗ ಮೊದಲಾದ ಘಟ್ಟದ ಅಂಚುಗಳಲ್ಲಿ ಕರಾವಳಿಯ ಕಡೆಯಿಂದ ಬಂದ ಗಾಳಿ ಬಂಡೆಯ ಗೋಡೆಗೆ ಬಡಿದು ನೇರವಾಗಿ ಮೇಲೇಳುತ್ತದೆ. ಏಣನ್ನು ದಾಟಿ ಹಿಂಬದಿಯಲ್ಲಿ ಸುಳಿಗಳಾಗಿ ಇಳಿಯುತ್ತದೆ. ನಿಂತವನ ಮುಖಕ್ಕೆ ಮೆಲ್ಲನೆ ತಗುಲುವ ಗಾಳಿ ಮೂವತ್ತು ಮೀಟರು ಮೇಲೆ ಜೋರಾಗಿರಬಹುದು. ಅಂಚಿನಿಂದ ಹಿಂದಕ್ಕೆ ಸರಿದು, ಆದರೆ ಏಣಿನ ಹಿಂಬದಿಯ ತಗ್ಗಿಗೆ ಇಳಿಯದೆ, ಎಡೆಯನ್ನು ಆರಿಸಬೇಕು.

ಗಾಳಿಗೆ ಎದುರಾಗಿ ಮೊದಲು ಹೋಗಿ, ಗಾಳಿಯೊಡನೆ ಮರಳುವುದು ಕ್ಷೇಮ. ಇದಕ್ಕೆ ವಿರುದ್ಧವಾಗಿ ಮಾಡಿದವರು ಹೋಗುವಾಗಿನ ವೇಗಕ್ಕೆ ಮರುಳಾಗಿ, ಬರುವಾಗ ಬ್ಯಾಟರಿ ಸಾಲದೆ ಪೇಚಿಗೆ ಸಿಲುಕುತ್ತಾರೆ.

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಮುಳ್ಳಯ್ಯನಗಿರಿಯ ಎತ್ತರದಲ್ಲಿ ಅದರ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಆರನೆಯ ಒಂದು ಭಾಗ ಕಡಿಮೆ. ಅಷ್ಟೇ ಭಾರವನ್ನು ಹೊರಲು ರೆಕ್ಕೆಗಳು ಹೆಚ್ಚು ವೇಗವಾಗಿ ತಿರುಗಬೇಕು. ಬ್ಯಾಟರಿ ಬೇಗ ಮುಗಿಯುತ್ತದೆ. ಚಳಿಗಾಲದ ಬೆಳಗಿನಲ್ಲಿ ಬ್ಯಾಟರಿ ತಣ್ಣಗಿದ್ದರೆ ಅದರ ಶಕ್ತಿ ಮತ್ತಷ್ಟು ಕುಗ್ಗುತ್ತದೆ. ಏರಿಸುವವರೆಗೆ ಅದನ್ನು ಒಳಜೇಬಿನಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು.

ಮಂಜು ಇಳಿದಿರುವಾಗ ಹಾರಿಸುವಂತಿಲ್ಲ. ಯಂತ್ರ ಕಣ್ಮರೆಯಾಗುತ್ತದೆ, ತೇವವು ಮೋಟಾರುಗಳಿಗೂ ಸಂವೇದಕಗಳಿಗೂ ಹಾನಿ. ಮಳೆಗಾಲದ ನಾಲ್ಕು ತಿಂಗಳು ಈ ಕೆಲಸಕ್ಕೆ ರಜೆಯೆಂದೇ ತಿಳಿಯಬೇಕು. ಇತಿಹಾಸಕಾರನ ದೃಷ್ಟಿಯಿಂದಲೂ ಜನವರಿ, ಫೆಬ್ರವರಿ ತಿಂಗಳುಗಳೇ ಉತ್ತಮ. ಹುಲ್ಲು ಒಣಗಿ ಬಾಗಿರುತ್ತದೆ. ಮಂಜು ಕರಗಿದ ಬೆಳಗಿನ ಓರೆಬಿಸಿಲಿನಲ್ಲಿ ಮೊಣಕಾಲೆತ್ತರದ ಗೋಡೆಯ ಉಳಿಕೆಯೂ ಉದ್ದವಾದ ನೆರಳನ್ನು ಚೆಲ್ಲಿ ತನ್ನ ಇರವನ್ನು ತೋರಿಸುತ್ತದೆ. ಆದರೆ ಅದೇ ಒಣಹುಲ್ಲು ಬೆಂಕಿಗೆ ಆಹಾರ. ಬಿದ್ದು ಜಖಂಗೊಂಡ ಲಿಥಿಯಂ ಬ್ಯಾಟರಿ ತಡವಾಗಿಯೂ ಹೊತ್ತಿಕೊಳ್ಳಬಲ್ಲದು. ಬಿದ್ದ ಯಂತ್ರವನ್ನು ಹುಡುಕದೆ ಬಿಟ್ಟುಬರಕೂಡದು. ಊದಿಕೊಂಡ ಬ್ಯಾಟರಿಯನ್ನು ಚೀಲಕ್ಕೆ ಹಾಕದೆ, ಹುಲ್ಲಿಲ್ಲದ ಬಂಡೆಯ ಮೇಲಿಟ್ಟು ಕಾಯಬೇಕು.

೮. ಏರಿಸುವ ಕ್ರಮ

ಯಂತ್ರದ ಮುಂಭಾಗವು ಚಾಲಕನಿಂದ ಆಚೆಗೆ ಮುಖಮಾಡಿರಬೇಕು. ಆಗ ಅದರ ಎಡಬಲಗಳೂ ಅವನ ಎಡಬಲಗಳೂ ಒಂದೇ ಆಗಿರುತ್ತವೆ. ವಿದ್ಯಾರ್ಥಿಗಳೆಲ್ಲರೂ ಚಾಲಕನ ಹಿಂದೆ ಒಂದೇ ಗುಂಪಾಗಿ ನಿಲ್ಲಬೇಕು. ಗಾಳಿಯು ಯಂತ್ರವನ್ನು ಅವರ ಕಡೆಗೆ ತಳ್ಳುವಂತಿದ್ದರೆ ಎಲ್ಲರೂ ಮತ್ತೊಂದು ಬದಿಗೆ ಸರಿಯಬೇಕು. ಒಬ್ಬನನ್ನು ಆಕಾಶ ನೋಡುವುದಕ್ಕೆಂದೇ ನೇಮಿಸಬೇಕು. ಅವನು ತೆರೆಯನ್ನು ನೋಡತಕ್ಕವನಲ್ಲ.

ಏರಿಸಿದ ಮೇಲೆ ಎರಡು ಮೂರು ಮೀಟರಿನಲ್ಲಿ ಅರ್ಧ ನಿಮಿಷ ನಿಲ್ಲಿಸಬೇಕು. ಅದು ನಿಂತಲ್ಲಿ ನಿಲ್ಲುತ್ತದೆಯೇ, ಸುತ್ತಲು ತೊಡಗುತ್ತದೆಯೇ, ಮೋಟಾರಿನ ಧ್ವನಿ ಸಮವಾಗಿದೆಯೇ ಎಂಬುದನ್ನು ನೋಡಬೇಕು. ಸಂದೇಹ ಬಂದರೆ ಕೂಡಲೇ ಇಳಿಸಬೇಕು. ಎಲ್ಲವೂ ಸರಿಯಿದ್ದರೆ ಮರದ ತುದಿಗಳನ್ನು ದಾಟುವವರೆಗೆ ನೇರವಾಗಿ ಮೇಲಕ್ಕೊಯ್ದು, ಅನಂತರವೇ ಪಕ್ಕಕ್ಕೆ ಚಲಿಸಬೇಕು.

೯. ಇಳಿಸುವ ಕ್ರಮ

ಬ್ಯಾಟರಿಯನ್ನು ಮೂರು ಪಾಲು ಮಾಡಿ ಒಂದನ್ನು ಹೋಗುವುದಕ್ಕೆ, ಒಂದನ್ನು ಬರುವುದಕ್ಕೆ, ಒಂದನ್ನು ಅನಿರೀಕ್ಷಿತಕ್ಕೆ ಮೀಸಲಿಡುವುದು ನಮ್ಮ ರೂಢಿ. ಬಯಲಿನಲ್ಲಿ ಇದು ಅತಿ ಎಚ್ಚರಿಕೆಯೆನಿಸಬಹುದು. ಇಲ್ಲಿ ಇಳಿಸುವ ಮೊದಲ ಯತ್ನ ವಿಫಲವಾಗಿ ಎರಡನೆಯ ಯತ್ನ ಬೇಕಾಗುವುದು ಸಾಮಾನ್ಯ.

ನೇರವಾಗಿ ಕೆಳಕ್ಕೆ ವೇಗದಿಂದ ಇಳಿಸಬಾರದು. ರೆಕ್ಕೆಗಳು ಕೆಳಕ್ಕೆ ತಳ್ಳಿದ ಗಾಳಿಯೊಳಕ್ಕೇ ಯಂತ್ರವು ಬೀಳುತ್ತ ಬಂದರೆ ಸುಳಿ ಉಂಟಾಗಿ, ಎತ್ತುವ ಬಲ ಕುಗ್ಗಿ, ಅದು ತೂರಾಡತೊಡಗುತ್ತದೆ. ಮೆಲ್ಲನೆ, ಸ್ವಲ್ಪ ಓರೆಯಾಗಿ ಚಲಿಸುತ್ತ ಇಳಿಸಿದರೆ ಯಂತ್ರಕ್ಕೆ ಯಾವಾಗಲೂ ಹೊಸ ಗಾಳಿ ಸಿಕ್ಕುತ್ತದೆ. ತೂರಾಟ ಕಂಡರೆ ಇಳಿತವನ್ನು ನಿಲ್ಲಿಸಿ ಪಕ್ಕಕ್ಕೆ ಸರಿಸಬೇಕು.

ನೆಲಕ್ಕೆ ತೀರ ಸಮೀಪಿಸಿದಾಗ ರೆಕ್ಕೆಯ ಗಾಳಿ ನೆಲಕ್ಕೆ ತಗುಲಿ, ಯಂತ್ರವು ಒಂದು ಮೆತ್ತೆಯ ಮೇಲೆ ಕುಳಿತಂತೆ ತೇಲುತ್ತದೆ. ನೆಲ ಇಳಿಜಾರಾಗಿದ್ದರೆ ಈ ಮೆತ್ತೆ ಮೇಲುಬದಿಯಲ್ಲಿ ಹೆಚ್ಚಾಗಿಯೂ ಕೆಳಬದಿಯಲ್ಲಿ ಕಡಿಮೆಯಾಗಿಯೂ ಇದ್ದು, ಯಂತ್ರವು ತಗ್ಗಿನ ಕಡೆಗೆ ಜಾರುತ್ತದೆ. ಹಲಗೆಯನ್ನು ಮಟ್ಟಕ್ಕೆ ತರಬೇಕೆಂದು ನಾವು ಒತ್ತಿ ಹೇಳಿದ್ದಕ್ಕೆ ಇದೂ ಒಂದು ಕಾರಣ. ಯಂತ್ರದ ಹೊಟ್ಟೆಯಲ್ಲಿರುವ ಸಂವೇದಕಗಳು ನೆಲವನ್ನು ನೋಡಿ ಇಳಿಯಲು ಸಹಾಯಮಾಡುತ್ತವೆ. ಆದರೆ ನೀರಿನ ಮೇಲೆ, ಅಲುಗಾಡುವ ಹುಲ್ಲಿನ ಮೇಲೆ, ಮಬ್ಬುಗತ್ತಲೆಯಲ್ಲಿ ಅವುಗಳನ್ನು ನಂಬಲಾಗದು. ಏರುಪೇರಾದ ನೆಲವನ್ನು ಕಂಡರೆ ಕೆಲವು ಯಂತ್ರಗಳು ಇಳಿಯಲೊಲ್ಲದೆ ಗಾಳಿಯಲ್ಲಿಯೇ ನಿಂತುಬಿಡುತ್ತವೆ. ಹಲಗೆಗೆ ಎದ್ದುಕಾಣುವ ಬಣ್ಣ ಬಳಿದಿದ್ದರೆ ಯಂತ್ರಕ್ಕೂ ಚಾಲಕನಿಗೂ ಅನುಕೂಲ.

ಸ್ವಯಂಚಾಲಿತವಾಗಿ ಮರಳಿದ ಯಂತ್ರವು ಹೊರಟ ಬಿಂದುವಿನಿಂದ ಕೆಲವು ಮೀಟರು ಆಚೀಚೆ ಇಳಿಯಬಹುದು. ಗದ್ದೆಯಲ್ಲಿ ಅದು ದೊಡ್ಡ ವಿಷಯವಲ್ಲ; ದರೆಯ ಅಂಚಿನಲ್ಲಿ ಆ ಕೆಲವು ಮೀಟರುಗಳೇ ಪ್ರಪಾತ. ಆದ್ದರಿಂದ ಯಂತ್ರ ಕಣ್ಣಿಗೆ ಬಿದ್ದೊಡನೆ ಚಾಲಕನು ನಿಯಂತ್ರಣವನ್ನು ತನ್ನ ಕೈಗೆ ತೆಗೆದುಕೊಂಡು ತಾನೇ ಇಳಿಸಬೇಕು. ರೆಕ್ಕೆಗಳು ಪೂರ್ತಿ ನಿಲ್ಲುವವರೆಗೆ ಯಾರೂ ಸಮೀಪಿಸಬಾರದು.

ಸಮನೆಲವಿಲ್ಲದೆಡೆ ಡ್ರೋನನ್ನು ಕೈಯಲ್ಲಿ ಹಿಡಿದು ಇಳಿಸಿಕೊಳ್ಳುವ ಪದ್ಧತಿಯೂ ಉಂಟು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ರೆಕ್ಕೆ ಬೆರಳನ್ನು ಸೀಳಬಲ್ಲದು. ಕಾಲು ಜಾರುವ ನೆಲದಲ್ಲಿ ಅದು ಮುಖಕ್ಕೂ ಬರಬಹುದು. ವಿದ್ಯಾರ್ಥಿಗಳು ಇದನ್ನು ಮಾಡಲೇಕೂಡದೆಂದು ನಾವು ನಿಯಮ ಮಾಡಿಕೊಂಡಿದ್ದೇವೆ. ಹಲಗೆ ಇಡುವಷ್ಟೂ ನೆಲ ಸಿಕ್ಕದ ಕಡೆ ಹಾರಿಸದಿರುವುದೇ ಲೇಸು.

೧೦. ಜನ, ಜೇನು, ಆನೆ, ಹದ್ದು

ಕೊಯ್ಲಿನವರ ಮೇಲೆ, ದಾರಿಹೋಕರ ಮೇಲೆ, ದನಗಳ ಮೇಲೆ ಹಾರಿಸಬಾರದು. ಬಂಡೆಯ ಗೋಡೆಗಳಲ್ಲಿಯೂ ದೊಡ್ಡ ಮರಗಳಲ್ಲಿಯೂ ಹೆಜ್ಜೇನು ಕಟ್ಟಿರುತ್ತದೆ. ಯಂತ್ರದ ಧ್ವನಿಗೂ ಗಾಳಿಗೂ ಅದು ಕೆರಳಿದರೆ ಕಚ್ಚಿಸಿಕೊಳ್ಳುವುದು ಯಂತ್ರವಲ್ಲ, ಕೆಳಗಿರುವ ಮನುಷ್ಯರು. ಕೋಟೆಗೆ ಹತ್ತುವ ಮೊದಲು ತಟ್ಟು ಎಲ್ಲೆಲ್ಲಿದೆಯೆಂದು ಸ್ಥಳೀಯರನ್ನು ಕೇಳಿ ತಿಳಿಯತಕ್ಕದ್ದು. ಆನೆಗಳು ಜೇನಿನ ಧ್ವನಿಗೆ ಬೆದರಿ ಓಡುತ್ತವೆಂದು ಕೀನ್ಯದಲ್ಲಿ ನಡೆದ ಸಂಶೋಧನೆಯೊಂದು ೨೦೦೭ರಲ್ಲಿ ತೋರಿಸಿತು. ಡ್ರೋನಿನ ಗುಂಯ್‌ಗುಡುವಿಕೆಗೂ ಅವು ಬೆದರಿದರೆ ಆಶ್ಚರ್ಯವಿಲ್ಲ. ಆನೆ ಬಂದಿದೆಯೆಂಬ ಸುದ್ದಿಯಿದ್ದ ದಿನ ತೋಟದಲ್ಲಿ ಡ್ರೋನ್ ಹಾರಿಸಿ ಅದನ್ನು ಬೆದರಿಸಿದರೆ, ಅದು ಯಾವ ಕಡೆ ನುಗ್ಗುವುದೋ ಹೇಳಲಾಗದು. ಹದ್ದು ಗಿಡುಗಗಳು ಸುತ್ತತೊಡಗಿದರೆ ಅವುಗಳ ಗೂಡು ಸಮೀಪದಲ್ಲಿದೆಯೆಂದು ಊಹಿಸಿ ಇಳಿಸಿಬಿಡಬೇಕು.

೧೧. ಉಪಸಂಹಾರ

ಮೇಲೆ ಹೇಳಿದ್ದೆಲ್ಲವನ್ನೂ ನಾವು ಒಂದು ದಿನಚರಿ ಪುಸ್ತಕದಲ್ಲಿ ಪಟ್ಟಿಯಾಗಿ ಬರೆದಿಟ್ಟಿದ್ದೇವೆ. ಪ್ರತಿಯೊಂದು ಹಾರಾಟಕ್ಕೂ ದಿನಾಂಕ, ಹೊತ್ತು, ಹೊರಟ ಸ್ಥಳ ಮತ್ತು ಅದರ ಎತ್ತರ, ಮರಳುವ ಎತ್ತರ, ಗಾಳಿ, ಅನುಮತಿ ಕೊಟ್ಟವರು, ಇಳಿದಾಗ ಉಳಿದಿದ್ದ ಬ್ಯಾಟರಿ ಇವುಗಳನ್ನು ನಮೂದಿಸುತ್ತೇವೆ. ಇದು ಕ್ಷೇಮಕ್ಕೆ ಮಾತ್ರವಲ್ಲ, ಇತಿಹಾಸಕ್ಕೂ ಅವಶ್ಯ. ಎಲ್ಲಿಂದ, ಯಾವಾಗ, ಯಾವ ಎತ್ತರದಿಂದ ತೆಗೆದದ್ದೆಂದು ತಿಳಿಯದ ಚಿತ್ರವು ದೊರೆತ ಸ್ಥಳ ತಿಳಿಯದ ಶಾಸನದಂತೆ ಅರೆಸಾಕ್ಷಿ.

ಆಕಾಶದಿಂದ ಕಂಡ ಗೆರೆ ಗೋಡೆಯೇ, ತೋಟದ ಹಳೆಯ ಅಗಳೇ, ನೀರು ಕೊರೆದ ಕಾಲುವೆಯೇ ಎಂಬುದನ್ನು ಕಡೆಗೆ ನೆಲದ ಮೇಲೆ ನಡೆದೇ ನಿರ್ಣಯಿಸಬೇಕು. ರೈಸ್ ಅವರ ಕಾಲದ ಕಾಲ್ನಡಿಗೆಯನ್ನು ಡ್ರೋನು ತಪ್ಪಿಸಿಲ್ಲ. ಎಲ್ಲಿಗೆ ನಡೆಯಬೇಕೆಂಬುದನ್ನು ತೋರಿಸಿಕೊಟ್ಟಿದೆ, ಅಷ್ಟೆ.

ದಿನಚರಿಯ ಮೊದಲ ಪುಟದಲ್ಲಿ ಆ ಕೊಯ್ಲಿನ ಅಜ್ಜಿಯ ಪ್ರಶ್ನೆಯನ್ನು ಬರೆದಿದ್ದೇವೆ. ಏರಿಸುವ ಮುನ್ನ ವಿದ್ಯಾರ್ಥಿಯೊಬ್ಬನು ಅದನ್ನು ಗಟ್ಟಿಯಾಗಿ ಓದಬೇಕೆಂಬುದು ನಮ್ಮ ಪದ್ಧತಿ. ಅದಕ್ಕೆ ಸಮಾಧಾನಕರವಾದ ಉತ್ತರ ದೊರೆಯದ ದಿನ ಹಲಗೆಯನ್ನು ಮಡಿಚಿಕೊಂಡು, ಕೋಟೆಯನ್ನು ಕಾಲ್ನಡಿಗೆಯಲ್ಲಿ ಸುತ್ತಿ ಬರುತ್ತೇವೆ.